ಅಪರೂಪದ ಕಾಡುಹೂವಿನ ಬೀಜ: ಗಡಿಗೆಯಲ್ಲಿಡಬೇಕೋ, ಶೀತಲ ಭಂಡಾರದಲ್ಲೋ?

ಮರುಭೂಮಿಯ ಎಷ್ಟೋ ಏಕವಾರ್ಷಿಕ ಹೂಗಿಡಗಳು ಬರಗಾಲವನ್ನು ದಾಟುವುದು ಮಣ್ಣಿನಲ್ಲಿ ವರ್ಷಗಟ್ಟಲೆ ಸುಪ್ತವಾಗಿರುವ ಬೀಜಗಳ ಮೂಲಕ. ಆದ್ದರಿಂದ ಬೀದರಿನ ಜಂಬಿಟ್ಟಿಗೆ ದಿಬ್ಬಗಳ ಅಪರೂಪದ ಹೂವನ್ನು ಉಳಿಸಬಯಸುವವರೂ ಬೀಜದಿಂದಲೇ ಆರಂಭಿಸುವುದು ಸರಿ. ವಿಧಾನ ಯಾವುದೇ ಇರಲಿ, ಮಾಗಿದ ಬೀಜದಲ್ಲಿ ಶೇ. 20ಕ್ಕಿಂತ ಹೆಚ್ಚು ಕೀಳಬಾರದು. ಸಾಧ್ಯವಾದರೆ ಕನಿಷ್ಠ 50 ಗಿಡಗಳಿಂದ ಸ್ವಲ್ಪಸ್ವಲ್ಪವೇ ಆಯ್ದುಕೊಳ್ಳಬೇಕು.

ಬೂದಿ, ಬೇವಿನೆಲೆ ಬೆರೆಸಿ ಗಡಿಗೆಯಲ್ಲಿ ಕಾಯ್ದಿಡುವ ನಮ್ಮ ಹಿರಿಯರ ಪದ್ಧತಿ ಬಿಳಿಜೋಳಕ್ಕೂ ತೊಗರಿಗೂ ಒಗ್ಗುತ್ತದೆ, ಏಕೆಂದರೆ ಆ ಬೀಜ ಮುಂದಿನ ಹಂಗಾಮಿಗೇ ಹೊಲಕ್ಕಿಳಿಯುತ್ತದೆ. ಆದರೆ ಕಲಬುರಗಿಯ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ, ಮಳೆಗಾಲದಲ್ಲಿ ಮಣ್ಣಿನ ಗಡಿಗೆ ತೇವವನ್ನು ಒಳಗೆ ಬಿಡುತ್ತದೆ. ಬೀಜದ ತೇವಾಂಶ ಶೇ. 1ರಷ್ಟು ತಗ್ಗಿದರೆ, ಇಲ್ಲವೇ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದರೆ, ಅದರ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆ ಎಂಬ ಸ್ಥೂಲ ನಿಯಮವನ್ನು ಗಮನಿಸಿದರೆ, ಚೆನ್ನಾಗಿ ಒಣಗಿಸಿ, ಗಾಳಿಯಾಡದ ಪೊಟ್ಟಣದಲ್ಲಿ ಮೈನಸ್ 18 ಡಿಗ್ರಿಯಲ್ಲಿಡುವ ಭಂಡಾರವೇ ದಶಕಗಳ ಲೆಕ್ಕದಲ್ಲಿ ಮೇಲು. ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕ್ ಅನುಸರಿಸುವುದೂ ಇದನ್ನೇ. ಒಣಗಿಸದೆ ಫ್ರೀಜರಿಗೆ ಹಾಕಿದ ಬೀಜ ಮಾತ್ರ ಸಾಯುತ್ತದೆ, ಒಳಗಿನ ನೀರು ಹೆಪ್ಪುಗಟ್ಟಿ ಜೀವಕೋಶಗಳನ್ನು ಒಡೆಯುತ್ತದೆ.

ಹತ್ತಾರು ಗಿಡಗಳಷ್ಟೇ ಉಳಿದಿದ್ದರೆ ನಾನು ಮೊದಲು ಆ ದಿಬ್ಬಕ್ಕೆ ಬೇಲಿ ಹಾಕಿಸುವೆ, ಬೀಜದ ಮಾತು ಆಮೇಲೆ.