ರಾತ್ರಿ ಆಟ, ನಿಂಜಾ ವಿ ಮತ್ತು ಒಂದು 2 ಟಿಬಿ ಡಿಸ್ಕ್

ಯಕ್ಷಗಾನದ ಮಹಿಷಾಸುರ ದೊಂದಿಯ ಬೆಳಕಿನಲ್ಲಿ ಜನರ ನಡುವಿನಿಂದ ಆರ್ಭಟಿಸುತ್ತಾ ರಂಗಸ್ಥಳಕ್ಕೆ ಬರುವ ಹೊತ್ತಿಗೆ ನನ್ನ ಕ್ಯಾಮರಾ ನಿಂತುಹೋಗಿತ್ತು. ಕಾರ್ಡಿನಲ್ಲಿ ಜಾಗ ಇತ್ತು, ಬ್ಯಾಟರಿಯೂ ಇತ್ತು. 29 ನಿಮಿಷ 59 ಸೆಕೆಂಡ್ ಆಗಿತ್ತು, ಅಷ್ಟೆ. ಅರ್ಧ ಗಂಟೆ ಮೀರಿ ರೆಕಾರ್ಡ್ ಮಾಡುವ ಕ್ಯಾಮರಾಗಳಿಗೆ ಯುರೋಪಿನಲ್ಲಿ ಹೆಚ್ಚು ಸುಂಕ ಇದ್ದದ್ದರಿಂದ ಹಲವು ಸ್ಟಿಲ್ ಕ್ಯಾಮರಾಗಳಿಗೆ ಬಂದ ಮಿತಿ ಅದು. ಅಪ್ಪ ಇಪ್ಪತ್ತು ವರ್ಷ ಮೇಳದಲ್ಲಿ ಚೆಂಡೆ ಬಾರಿಸಿದವರು. ಮರುದಿನ ವಿಡಿಯೋ ನೋಡಿ, "ಪ್ರವೇಶವೇ ಇಲ್ಲವಲ್ಲ ಮಗಾ" ಎಂದರು. ಆ ವಾರವೇ ಮಂಗಳೂರಿನ ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ಕ್ಯಾಮರಾಕ್ಕೆ ಹೊರಗಿನಿಂದ ಜೋಡಿಸುವ ರೆಕಾರ್ಡರ್, ಆಟೊಮೋಸ್ ನಿಂಜಾ ವಿ ಕೊಂಡೆ.

ಎರಡು ಸೀಸನ್ ಬಳಸಿದ್ದೇನೆ. ಐದು ಇಂಚಿನ ಪರದೆ, ಹಿಂದೆ ಡಿಸ್ಕ್ ಮತ್ತು ಬ್ಯಾಟರಿ. ಕ್ಯಾಮರಾದಿಂದ ಎಚ್‌ಡಿಎಂಐ ಕೇಬಲ್ಲಿನಲ್ಲಿ ಬರುವ ಚಿತ್ರವನ್ನು ಪ್ರೊರೆಸ್ ಆಗಿ, ಅಂದರೆ ಎಡಿಟಿಂಗಿಗೆ ಅನುಕೂಲವಾದ ದೊಡ್ಡ ಗಾತ್ರದ ವಿಡಿಯೋ ರೂಪದಲ್ಲಿ, ಬರೆದುಕೊಳ್ಳುತ್ತದೆ. ರೆಕಾರ್ಡ್ ಮಾಡುವುದು ಕ್ಯಾಮರಾ ಅಲ್ಲದ್ದರಿಂದ ಅರ್ಧ ಗಂಟೆಯ ಕಾಟ ಇಲ್ಲ. ಕ್ಯಾಮರಾದ ಆಟೋ ಪವರ್ ಆಫ್ ಮಾತ್ರ ನೆನಪಿನಿಂದ ತೆಗೆದಿಡಬೇಕು.

ನನಗೆ ಅತಿ ದೊಡ್ಡ ಲಾಭ ಕಂಡದ್ದು ಬಣ್ಣದಲ್ಲಿ. ನನ್ನ ಕ್ಯಾಮರಾ ತನ್ನ ಕಾರ್ಡಿಗೆ 4:2:0 ಬರೆಯುತ್ತದೆ, ಎಚ್‌ಡಿಎಂಐಗೆ 4:2:2, ಅಂದರೆ ಬಣ್ಣದ ವಿವರ ಅದರ ಎರಡರಷ್ಟು, ಕೊಡುತ್ತದೆ. ಮದುವೆಯ ವಿಡಿಯೋದಲ್ಲಿ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳಲಿಕ್ಕಿಲ್ಲ. ಯಕ್ಷಗಾನದ ತೆಂಕು ಶೈಲಿಯಾದ ತೆಂಕುತಿಟ್ಟಿನ ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಮುಖದಲ್ಲಿ ಬೀಳುತ್ತದೆ. ಕೆಂಪು ಮತ್ತು ಕಪ್ಪು ಸೇರುವ ಗೆರೆ, ಅದರ ಸುತ್ತ ಅಕ್ಕಿ ಹಿಟ್ಟಿನಿಂದ ಇಡುವ ಬಿಳಿ ಚುಟ್ಟಿಯ ಮುಳ್ಳುಗಳು: ಮೊದಲು ಕೆಂಪು ಅಂಚಿನಲ್ಲಿ ಕದಡಿದ ಹಾಗೆ ಇರುತ್ತಿತ್ತು, ಈಗ ಗೆರೆ ಗೆರೆಯಾಗಿಯೇ ಉಂಟು. ದೊಂದಿಗೆ ರಾಳದ ಪುಡಿ ಎರಚಿದಾಗ ಭಗ್ಗೆಂದು ಏಳುವ ಬೆಂಕಿಗೆ ಎಕ್ಸ್‌ಪೋಶರ್ ಎಷ್ಟು ಇಳಿಸಬೇಕೆಂಬುದನ್ನು ಬೆಳಕಿನ ಮಟ್ಟ ತೋರಿಸುವ ವೇವ್‌ಫಾರ್ಮ್ ಗ್ರಾಫ್ ನೋಡಿ ಮೊದಲೇ ಲೆಕ್ಕ ಹಾಕಿಕೊಳ್ಳಬಹುದು.

ಬ್ಯಾಟರಿಗೆ ಒಂದೇ ಜಾಗ. ಬದಲಾಯಿಸಬೇಕಾದರೆ ರೆಕಾರ್ಡಿಂಗ್ ನಿಲ್ಲಿಸಬೇಕು. ಹಾಗಾಗಿ ಬ್ಯಾಟರಿಯ ಜಾಗದಲ್ಲಿ ಕೂರುವ ಡಿಸಿ ಅಡಾಪ್ಟರ್ ಹಾಕಿ, ಅದನ್ನು ಸಣ್ಣ ಯುಪಿಎಸ್‌ಗೆ ಕೊಟ್ಟಿದ್ದೇನೆ. ಗದ್ದೆಯ ಜನರೇಟರನ್ನು ನೇರ ನಂಬಬೇಡಿ. ಒಳಗೆ ಫ್ಯಾನ್ ಇದೆ; ಚೆಂಡೆಯ ಮುಂದೆ ಕೇಳದು, ಸಂದರ್ಶನಕ್ಕಾದರೆ ಮೈಕ್ ದೂರ ಇಡಿ. ಕ್ಯಾಮರಾ ಕಡೆಯ ಎಚ್‌ಡಿಎಂಐ ಮೈಕ್ರೋ ಆದರೆ ಕೇಬಲ್ ಕ್ಲ್ಯಾಂಪ್ ಹಾಕಲೇಬೇಕು, ಕತ್ತಲೆಯಲ್ಲಿ ಮಕ್ಕಳು ಓಡಾಡುವ ಜಾಗ.

ಇನ್ನು ಡಿಸ್ಕ್. ನಾನು ತಪ್ಪಿದ್ದು ಇಲ್ಲಿ. ರೆಕಾರ್ಡರ್‌ಗೆ ದುಡ್ಡು ಸುರಿದು ಡಿಸ್ಕಿನಲ್ಲಿ ಉಳಿಸಲು ಹೋಗಿ ಅಗ್ಗದ ಕ್ಯೂಎಲ್‌ಸಿ (ಒಂದೊಂದು ಕೋಶಕ್ಕೆ ನಾಲ್ಕು ಬಿಟ್ ತುಂಬುವ) ಎಸ್‌ಎಸ್‌ಡಿ ತಂದೆ. ಪೆಟ್ಟಿಗೆಯ ಮೇಲೆ ಸೆಕೆಂಡಿಗೆ 500 ಎಂಬಿ ಎಂದಿತ್ತು. ಅದು ಕ್ಯಾಶ್ ಎಂಬ ವೇಗದ ತಾತ್ಕಾಲಿಕ ಜಾಗ ತುಂಬುವ ತನಕದ ವೇಗ. ಆಮೇಲೆ ಹಳೆಯ ಹಾರ್ಡ್ ಡಿಸ್ಕಿನ ಮಟ್ಟಕ್ಕೆ ಇಳಿಯಿತು, ಫ್ರೇಮ್‌ಗಳು ಹಾರತೊಡಗಿದವು. 25 ಫ್ರೇಮಿನ 4ಕೆಗೆ ಪ್ರೊರೆಸ್‌ನ ಮೇಲಿನ ದರ್ಜೆ ಎಚ್‌ಕ್ಯೂ ಸೆಕೆಂಡಿಗೆ ಸುಮಾರು 92 ಎಂಬಿ ಬೇಡುತ್ತದೆ, ಗಂಟೆಗೆ 330 ಜಿಬಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಎರಡೂವರೆ ಟಿಬಿ ದಾಟುತ್ತದೆ. ಅದೇ ಹಗುರ ದರ್ಜೆಯಾದ ಎಲ್‌ಟಿಯಲ್ಲಿ ಗಂಟೆಗೆ ಸುಮಾರು 155 ಜಿಬಿ, ಇಡೀ ರಾತ್ರಿಗೆ ಒಂದೂಕಾಲು ಟಿಬಿ. ಈಗ ನನ್ನದು 2 ಟಿಬಿಯ ಸ್ಯಾಮ್‌ಸಂಗ್ 870 ಇವೊ, ಎಲ್‌ಟಿ ಕೋಡೆಕ್. ಆಟದ ನಡುವೆ ಡಿಸ್ಕ್ ತೆಗೆಯುವ ಪ್ರಶ್ನೆಯೇ ಇಲ್ಲ. ಎಚ್‌ಕ್ಯೂಗೂ ಎಲ್‌ಟಿಗೂ ನನ್ನ ಕಣ್ಣಿಗೆ ಕಂಡ ಅಂತರ ಬಹಳ ಕಡಿಮೆ. ಕಾಲಮಿತಿಯ ಪ್ರದರ್ಶನಕ್ಕಾದರೆ 1 ಟಿಬಿ ಸಾಕು.

ಎಡಿಟಿಂಗಿಗೆ ಬೇರೆ ಡಿಸ್ಕ್ ಬೇಕು. ಎರಡು ಕ್ಯಾಮರಾದ ಪ್ರೊರೆಸ್ ಒಟ್ಟಿಗೆ ಓಡಿಸಿದರೆ ಪೋರ್ಟೆಬಲ್ ಹಾರ್ಡ್ ಡಿಸ್ಕ್ ತಡವರಿಸುತ್ತದೆ. ಪೋರ್ಟೆಬಲ್ ಎಸ್‌ಎಸ್‌ಡಿಯಾದ ಸ್ಯಾಮ್‌ಸಂಗ್ ಟಿ7ನಲ್ಲಿ ಎಡಿಟಿಂಗ್ ತಂತ್ರಾಂಶ ಡಾವಿಂಚಿ ರಿಸಾಲ್ವ್ ಸಲೀಸಾಗಿ ಓಡುತ್ತದೆ. ಯುಎಸ್‌ಬಿ 10 ಗಿಗಾಬಿಟ್ ಪೋರ್ಟಿಗೇ ಚುಚ್ಚಿ, ಹಳೆಯ 2.0 ಪೋರ್ಟಿಗೆ ಹಾಕಿದರೆ ಕೊಟ್ಟ ದುಡ್ಡು ವ್ಯರ್ಥ.

ಕೆಲಸ ಮುಗಿದದ್ದನ್ನು ಇಡಲು ಮಾತ್ರ ಹಾರ್ಡ್ ಡಿಸ್ಕ್, ಅದೂ ಎರಡು. ಒಂದು ಕಂಕನಾಡಿಯ ನಮ್ಮ ಮನೆಯಲ್ಲಿ, ಇನ್ನೊಂದು ಬ್ರಹ್ಮಾವರದ ತಂಗಿಯ ಮನೆಯಲ್ಲಿ. ಮೇ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ನಮ್ಮ ಮಳೆಗಾಲದ ತೇವ ಎಲ್ಲದಕ್ಕೂ ಹತ್ತುತ್ತದೆ, ಲೆನ್ಸಿಗೆ ಬೂಷ್ಟು ಹಿಡಿಯುವ ಊರು. ಡಿಸ್ಕ್‌ಗಳನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಡುತ್ತೇನೆ, ತಿಂಗಳಿಗೊಮ್ಮೆ ತೆಗೆದು ಓಡಿಸಿ ನೋಡುತ್ತೇನೆ. ಎರಡೂ ಪ್ರತಿ ಆಗಿ, ಪ್ರತಿ ಮೂಲದಂತೆಯೇ ಇದೆಯೇ ಎಂದು ತಿಳಿಸುವ ಚೆಕ್‌ಸಮ್ ಸಂಖ್ಯೆ ತಾಳೆಯಾಗುವ ತನಕ ನಿಂಜಾದ ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದಿಲ್ಲ.

ಕಳೆದ ಸೀಸನ್ನಿನಲ್ಲಿ ಅದೇ ಪ್ರವೇಶ ಪೂರ್ತಿ ಸಿಕ್ಕಿತು. ಅಪ್ಪ ಅದನ್ನು ಟಿವಿಯಲ್ಲಿ ಮೂರು ಸಲ ನೋಡಿದರು, ಪ್ರತಿ ಸಲವೂ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು.