ಆರ್‌ವಿ ಸಾಮಾನು: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದು ದಂಡ

ಅಮೆರಿಕದಲ್ಲಿ ಆರ್‌ವಿ, ಅಂದರೆ ಮಲಗಲು, ಅಡುಗೆಗೆ, ಸ್ನಾನಕ್ಕೆ ಜಾಗವಿರುವ ಮನೆಗಾಡಿ, ಬಾಡಿಗೆಗೆ ಹಿಡಿದು ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನಿಯನ್ ಕಡೆ ಹೊರಡುವ ಕನ್ನಡದ ಮನೆಗಳಲ್ಲಿ ಸಾಮಾನಿನ ಪಟ್ಟಿ ಶುರುವಾಗುವುದೇ ಅಡುಗೆಮನೆಯಿಂದ. ಕುಕ್ಕರ್, ಮಿಕ್ಸಿ, ಹುಳಿಪುಡಿ ಡಬ್ಬಿ, ಮಡಚಿಡುವ ಪಾತ್ರೆ. ಗಾಡಿಗೆ ಕರೆಂಟು ಬರುವ ಜಾಗ, ನೀರು ಬರುವ ಜಾಗ, ಕೊಳಚೆ ಹೊರಗೆ ಹೋಗುವ ಜಾಗ, ಈ ಮೂರಕ್ಕೆ ಬೇಕಾದ ಸಾಮಾನಿನ ಹೆಸರು ಪಟ್ಟಿಯ ಕೊನೆಯಲ್ಲೂ ಇರುವುದಿಲ್ಲ. ಪ್ರವಾಸ ಕೆಡುವುದು ಹೆಚ್ಚಾಗಿ ಅಲ್ಲೇ. ಆದ್ದರಿಂದ ಹೊರಗಿನಿಂದಲೇ ಶುರು ಮಾಡೋಣ, ಅಡುಗೆಮನೆಗೆ ಆಮೇಲೆ ಬರೋಣ.

ಮೊದಲು ಕರೆಂಟಿನ ಕಾವಲು

ಕ್ಯಾಂಪ್‌ಗ್ರೌಂಡಿನಲ್ಲಿ ಕರೆಂಟಿರುವ ಸೈಟಿಗೆ (ಗಾಡಿ ನಿಲ್ಲಿಸುವ ಜಾಗಕ್ಕೆ) ಒಂದೊಂದು ಕಂಬ, ಅದರಲ್ಲಿ 50, 30, 20 ಆಂಪಿಯರಿನ ಸಾಕೆಟ್ಟುಗಳು. ಬೇಸಿಗೆಯ ಮಧ್ಯಾಹ್ನ ಸಾಲುಗಟ್ಟಿ ನಿಂತ ಗಾಡಿಗಳೆಲ್ಲ ಒಟ್ಟಿಗೇ ಎ.ಸಿ. ಹಾಕಿದರೆ 120 ವೋಲ್ಟ್ ಇರಬೇಕಾದ ಕಡೆ 105ರ ಹತ್ತಿರಕ್ಕೆ ಇಳಿಯುವುದುಂಟು. ವೋಲ್ಟೇಜು ಇಳಿದಷ್ಟೂ ಎ.ಸಿ. ಕಂಪ್ರೆಸರ್ ಹೆಚ್ಚು ಆಂಪಿಯರ್ ಎಳೆಯುತ್ತದೆ, ಕಾಯುತ್ತದೆ, ಕೊನೆಗೆ ಸುಟ್ಟುಹೋಗುತ್ತದೆ. ಊರಲ್ಲಿ ತೋಟದ ಪಂಪ್‌ಸೆಟ್ಟಿನ ಮೋಟರು ಲೋ ವೋಲ್ಟೇಜಿಗೆ ಸುಡುವುದೂ ಇದೇ ಕಾರಣಕ್ಕೆ.

ಅಂಗಡಿಯಲ್ಲಿ ಇದಕ್ಕೆ ಎರಡು ಬಗೆಯ ಡಬ್ಬಿ ಸಿಗುತ್ತವೆ. ನೋಡಲು ಎರಡೂ ಒಂದೇ ಥರ, ಕೆಲಸ ಮಾತ್ರ ಬೇರೆ. ಅಗ್ಗದ ಸರ್ಜ್ ಪ್ರೊಟೆಕ್ಟರ್ ಸಿಡಿಲು ಬಡಿದಾಗ ಬರುವಂಥ ದಿಢೀರ್ ಏರಿಕೆಯನ್ನು ಹೀರಿಕೊಳ್ಳುತ್ತದೆ, ಅಷ್ಟೇ. ವೋಲ್ಟೇಜು ಕುಸಿದರೆ ಸುಮ್ಮನೆ ನೋಡುತ್ತ ಕೂರುತ್ತದೆ. ಇ.ಎಂ.ಎಸ್. (ಎಲೆಕ್ಟ್ರಿಕಲ್ ಮ್ಯಾನೇಜ್‌ಮೆಂಟ್ ಸಿಸ್ಟಮ್) ಎನ್ನುವ ದುಬಾರಿ ಡಬ್ಬಿ ಆಗ ಕರೆಂಟನ್ನೇ ಕಡಿದುಹಾಕುತ್ತದೆ. ಪ್ರೋಗ್ರೆಸಿವ್ ಇಂಡಸ್ಟ್ರೀಸಿನ 30 ಆಂಪಿಯರಿನದು 104 ವೋಲ್ಟಿಗಿಂತ ಕೆಳಗಿಳಿದರೆ, 132 ದಾಟಿದರೆ, ನ್ಯೂಟ್ರಲ್ ಅಥವಾ ಅರ್ತ್ ಬಿಟ್ಟುಹೋಗಿದ್ದರೆ, ವೈರು ಅದಲುಬದಲಾಗಿದ್ದರೆ ಕರೆಂಟನ್ನು ಒಳಗೆ ಬಿಡುವುದಿಲ್ಲ. ಎಲ್ಲ ಸರಿಯಿದ್ದರೂ ಎರಡು ನಿಮಿಷದ ಮೇಲೆ ಸ್ವಲ್ಪ ಹೊತ್ತು ಕಾದೇ ಬಿಡುತ್ತದೆ. ಹೋಗಿ ಬಂದ ಕರೆಂಟಿಗೆ ಎ.ಸಿ. ತಕ್ಷಣ ಶುರುವಾಗಬಾರದಲ್ಲ, ಅದಕ್ಕೆ. ಡಬ್ಬಿ ಕೆಟ್ಟಿದೆ ಎಂದು ಕಿತ್ತು ಮತ್ತೆ ಚುಚ್ಚಿದರೆ ಲೆಕ್ಕ ಮೊದಲಿಂದ ಶುರು. ಹ್ಯೂಸ್ ಕಂಪನಿಯ ಪವರ್ ವಾಚ್‌ಡಾಗ್ ಕೂಡ ಒಳ್ಳೆಯದೇ. ಫೋನಿನಲ್ಲಿ ವೋಲ್ಟೇಜು, ಆಂಪಿಯರ್ ಎರಡನ್ನೂ ತೋರಿಸುತ್ತದೆ, ಏಟು ತಿಂದ ಸರ್ಜ್ ಭಾಗವನ್ನಷ್ಟೇ ಬದಲಿಸಬಹುದು. ಆದರೆ ಮಾದರಿಯ ಹೆಸರಿನಲ್ಲಿ ಇ.ಪಿ.ಓ. (ಎಮರ್ಜೆನ್ಸಿ ಪವರ್ ಆಫ್) ಎಂದು ಇದ್ದರೆ ಮಾತ್ರ ತಾನಾಗಿ ಕಡಿಯುತ್ತದೆ. ಇಲ್ಲದಿದ್ದರೆ ಬರೀ ಎಚ್ಚರಿಕೆ. ದುಡ್ಡು ಉಳಿಸಲು ಹೋಗಿ ಹೆಚ್ಚು ಜನ ಎಡವುವುದು ಇಲ್ಲೇ.

ಕಂಬದ ಬ್ರೇಕರ್ ಆಫ್ ಮಾಡಿ, ಗಾಡಿಯ ಕೇಬಲ್ ಜೋಡಿಸದೆ ಡಬ್ಬಿಯೊಂದನ್ನೇ ಚುಚ್ಚಿ. ಬ್ರೇಕರ್ ಆನ್ ಮಾಡಿ ಓದಿ. ಸರಿಯಿದ್ದರೆ ಮತ್ತೆ ಆಫ್ ಮಾಡಿ ಕೇಬಲ್ ಸೇರಿಸಿ, ಆಮೇಲೆ ಆನ್. ಸಾಕೆಟ್ಟಿನ ಬಾಯಿ ಕಪ್ಪಗಾಗಿದ್ದರೆ, ಪ್ಲಗ್ಗು ಸಡಿಲವಾಗಿ ಕೂತರೆ ಬೇರೆ ಸೈಟು ಕೇಳುವುದೇ ಲೇಸು. ಸವೆದ ಸಾಕೆಟ್ಟಿನಲ್ಲಿ 25 ಆಂಪಿಯರ್ ಗಂಟೆಗಟ್ಟಲೆ ಹರಿದರೆ ಪ್ಲಗ್ಗಿನ ಪ್ಲಾಸ್ಟಿಕ್ಕೇ ಕರಗುತ್ತದೆ. ಸ್ವಂತ ಗಾಡಿ ಇರುವವರಿಗೆ ಇನ್ನೊಂದು ಮಾತು. ಮನೆಯಲ್ಲಿ 30 ಆಂಪಿಯರಿನ ಆರ್‌ವಿ ಸಾಕೆಟ್ಟು ಹಾಕಿಸುವಾಗ ಎಲೆಕ್ಟ್ರಿಷಿಯನ್ ಅದನ್ನು ಬಟ್ಟೆ ಒಣಗಿಸುವ ಡ್ರೈಯರಿನ ಸಾಕೆಟ್ಟೆಂದು ತಿಳಿದು 240 ವೋಲ್ಟ್ ಕೊಟ್ಟುಬಿಡುವುದುಂಟು. ಅದು 120 ವೋಲ್ಟಿನದೇ ಆಗಬೇಕು. ತಪ್ಪಿದರೆ ಮೈಕ್ರೋವೇವಿನಿಂದ ಟಿ.ವಿ.ವರೆಗೆ ಒಂದೇ ಸಲಕ್ಕೆ ಹೊಗೆ. ಗಾಡಿ ಜೋಡಿಸುವ ಮುನ್ನ ಮೀಟರ್ ಹಿಡಿಸಿ ನೋಡಿ.

30 ಆಂಪಿಯರಿನ ಗಾಡಿಯ ಲೆಕ್ಕ ಹೀಗೆ. ಒಟ್ಟು ಸಿಗುವುದು 3600 ವಾಟ್, ಅದನ್ನು ಹೊತ್ತುಗಟ್ಟಲೆ ಪೂರ್ತಿ ಎಳೆಯುವ ಹಾಗಿಲ್ಲ, 24 ಆಂಪಿಯರಿಗೆ ನಿಲ್ಲಿಸುವುದು ಕ್ಷೇಮ. ಎ.ಸಿ.ಗೆ ಸುಮಾರು 13, ವಾಟರ್ ಹೀಟರಿಗೆ 12, ಫ್ರಿಜ್ಜಿಗೆ 3. ಇಷ್ಟಕ್ಕೇ 28 ಆಯಿತು. ಇದರ ಮೇಲೆ 1500 ವಾಟಿನ ಕೆಟಲಿನಲ್ಲಿ ಕಾಫಿಗೆ ನೀರಿಟ್ಟರೆ 12.5 ಸೇರಿ ಬ್ರೇಕರ್ ಬೀಳದೆ ಇರುವುದಿಲ್ಲ. ಸೆಕೆಯಲ್ಲಿ ಅಡುಗೆ ಮಾಡುವಾಗ ಹೀಟರನ್ನೂ ಫ್ರಿಜ್ಜನ್ನೂ ಗ್ಯಾಸಿಗೆ ತಿರುಗಿಸಿಬಿಡಿ, ತೊಂದರೆಯೇ ಇಲ್ಲ. ಇನ್ನೊಂದು ವಿಷಯ ಗಾಡಿಯ ಕೈಪಿಡಿಯಲ್ಲಿ ಹುಡುಕಬೇಕು: ಅಡುಗೆ ಕಟ್ಟೆಯ ಸಾಕೆಟ್ಟುಗಳೆಲ್ಲ ಸಾಮಾನ್ಯವಾಗಿ 15 ಅಥವಾ 20 ಆಂಪಿಯರಿನ ಒಂದೇ ಸರ್ಕ್ಯೂಟಿನವು. 1800 ವಾಟಿನ ಇಂಡಕ್ಷನ್ ಒಲೆಗೆ 15, ಆರು ಕ್ವಾರ್ಟಿನ ಇನ್‌ಸ್ಟಂಟ್ ಪಾಟಿಗೆ 8.3. ಎರಡನ್ನೂ ಒಟ್ಟಿಗೆ ಹಚ್ಚಿದರೆ ಕಂಬದಲ್ಲಿ ಎಷ್ಟೇ ಕರೆಂಟಿದ್ದರೂ ಒಳಗಿನ ಬ್ರೇಕರ್ ಬೀಳುತ್ತದೆ.

ನೀರು

ಪ್ರೆಷರ್ ರೆಗ್ಯುಲೇಟರ್ ಇಲ್ಲದೆ ನಲ್ಲಿಗೆ ಹೋಸ್ ಹಾಕಬೇಡಿ. ಆರ್‌ವಿಯ ಒಳಗಿನ ಪೈಪು, ಜೋಡಣೆಗಳಿಗೆ 45ರಿಂದ 60 ಪಿಎಸ್‌ಐ ಒತ್ತಡ ಸಾಕು. ಗುಡ್ಡದ ಬದಿಯ ಕ್ಯಾಂಪ್‌ಗ್ರೌಂಡುಗಳಲ್ಲಿ 100 ದಾಟುವುದೂ ಉಂಟು. ಹತ್ತು ಹದಿನೈದು ಡಾಲರಿನ ಹಿತ್ತಾಳೆ ಕೊಳವೆ ಒತ್ತಡವನ್ನೇನೋ ಇಳಿಸುತ್ತದೆ, ಜೊತೆಗೆ ಹರಿವನ್ನೂ ಕಟ್ಟಿಹಾಕುತ್ತದೆ. ಸಿಂಕಿನ ನಲ್ಲಿ ಬಿಟ್ಟರೆ ಸ್ನಾನದವರಿಗೆ ಸೊಂಟದ ಮೇಲೆ ನೀರು ಬರುವುದಿಲ್ಲ. ಎರಡು ದಿನದ ಬಾಡಿಗೆ ಗಾಡಿಗೆ ಅದೇ ಸಾಕು. ಹೆಚ್ಚು ತಿರುಗುವವರು ಗೇಜಿರುವ, ತಿರುಪಿನಿಂದ ಹೊಂದಿಸುವ ರೆನೇಟರಿನಂಥದ್ದನ್ನು ಕೊಳ್ಳಲಿ. ಒಳಗಿನ ನಲ್ಲಿಗಳನ್ನೆಲ್ಲ ಮುಚ್ಚಿಟ್ಟು ಗೇಜು ಹೊಂದಿಸಬೇಕು. ನೀರು ಹರಿಯುವಾಗ ಹೊಂದಿಸಿದರೆ ನಲ್ಲಿ ಮುಚ್ಚಿದೊಡನೆ ಮುಳ್ಳು ಮೇಲೇರುತ್ತದೆ.

ರೆಗ್ಯುಲೇಟರ್ ಕೂರಬೇಕಾದ ಜಾಗ ಕ್ಯಾಂಪ್‌ಗ್ರೌಂಡಿನ ನಲ್ಲಿ, ಗಾಡಿಯಲ್ಲ. ಗಾಡಿಯ ಕಡೆ ಹಾಕಿದರೆ ಹೋಸೇ ಒಡೆಯಬಹುದು. ಹೋಸ್ ಕುಡಿಯುವ ನೀರಿನದೇ ಇರಲಿ, ಬಿಳಿಯೋ ನೀಲಿಯೋ. ತೋಟದ ಹಸಿರು ಹೋಸಿನ ನೀರಿನಲ್ಲಿ ರಬ್ಬರ್ ವಾಸನೆ ಹೋಗುವುದೇ ಇಲ್ಲ. ಕ್ಯಾಮ್ಕೋದ ನೀಲಿ ಫಿಲ್ಟರ್ ಕ್ಲೋರಿನ್ ವಾಸನೆ, ಮಣ್ಣಿನ ಕಣಗಳನ್ನು ಹಿಡಿಯುತ್ತದೆ, ಕಾಫಿಯ ರುಚಿ ಉಳಿಯುತ್ತದೆ. ಆದರೆ ಕೊಳಕು ನೀರನ್ನು ಕುಡಿಯುವ ನೀರು ಮಾಡುವ ಶಕ್ತಿ ಅದಕ್ಕಿಲ್ಲ. ನಾಲ್ಕಾರು ರಬ್ಬರ್ ವಾಷರ್ ಜೇಬಿನಲ್ಲಿರಲಿ, ಸೋರುವಿಕೆಯಲ್ಲಿ ಮುಕ್ಕಾಲು ಪಾಲು ವಾಷರಿನದೇ. ಹೋಸ್ ಸುತ್ತಿಡುವಾಗ ನೀರು ಬಸಿದು ಎರಡೂ ತುದಿಗಳನ್ನು ಒಂದಕ್ಕೊಂದು ತಿರುಪಿಟ್ಟರೆ ಒಳಗೆ ಹುಳ ಸೇರುವುದಿಲ್ಲ. ರಾತ್ರಿ ಮಂಜುಗಟ್ಟುವ ಚಳಿ ಇದ್ದರೆ ಹೋಸ್ ಕಳಚಿ ಒಳಗಿನ ಟ್ಯಾಂಕಿನ ನೀರು ಬಳಸಿ.

ಕೊಳಚೆ

ಮಾತಾಡಲು ಮುಜುಗರ ಅನಿಸಿದರೂ ಇಲ್ಲಿ ಅಗ್ಗದ್ದು ಬೇಡವೇ ಬೇಡ. ತೆಳ್ಳನೆಯ ಹೋಸಿನಲ್ಲಿ ಸೂಜಿಮೊನೆಯಷ್ಟು ತೂತಾದರೂ ಮುಂದಿನದನ್ನು ಬರೆಯುವ ಅಗತ್ಯವಿಲ್ಲ. ಕ್ಯಾಮ್ಕೋದ ರೈನೋಫ್ಲೆಕ್ಸ್ 15 ಅಡಿಯದು ಗಟ್ಟಿ, ತುದಿಗಳು ತಿರುಗುತ್ತವೆ, ಎಳೆದಲ್ಲಿಗೆ ನಿಲ್ಲುತ್ತದೆ. ಪಾರದರ್ಶಕ ಮೊಣಕೈ (ತುದಿಯ ಬಾಗಿದ ಜೋಡಣೆ) ಇರುವುದನ್ನೇ ಆರಿಸಿ. ನೀರು ತಿಳಿಯಾಯಿತೇ ಎಂದು ಕಣ್ಣಿಗೆ ಕಾಣದೆ ವಾಲ್ವು ಯಾವಾಗ ಮುಚ್ಚುತ್ತೀರಿ? ಬಾಡಿಗೆ ಗಾಡಿಯಲ್ಲಿ ಹೋಸ್ ಕೊಟ್ಟಿರುತ್ತಾರೆ, ಕೈಗವಸು ಮಾತ್ರ ನಿಮ್ಮದೇ ಡಬ್ಬಿ ಇರಲಿ. ಮೊದಲ ಸಲ ಮುಚ್ಚಳ ತೆಗೆಯುವಾಗ ಕೆಳಗೆ ಬಕೆಟ್ ಹಿಡಿಯಿರಿ. ವಾಲ್ವು ಸರಿಯಾಗಿ ಮುಚ್ಚದೆ ಹೋದ ಹಿಂದಿನವರ ಪಾಲು ಮುಚ್ಚಳದ ಹಿಂದೆ ಕಾದಿರಬಹುದು.

ಶೌಚದ ಟ್ಯಾಂಕಿನ ವಾಲ್ವನ್ನು ತೆರೆದೇ ಇಡುವುದು ಹೊಸಬರ ದೊಡ್ಡ ತಪ್ಪು. ನೀರು ಹರಿದು ಹೋಗಿ ಗಟ್ಟಿಯದು ಗೋಪುರವಾಗಿ ನಿಂತು ಒಣಗುತ್ತದೆ, ಆಮೇಲೆ ಯಾವ ಔಷಧಿಗೂ ಕದಲದು. ಮೂರನೇ ಎರಡರಷ್ಟು ತುಂಬುವವರೆಗೆ ಮುಚ್ಚಿಟ್ಟು ಒಮ್ಮೆಗೇ ಬಿಡಬೇಕು. ಮೊದಲು ಶೌಚದ್ದು, ಆಮೇಲೆ ಸಿಂಕು-ಸ್ನಾನದ್ದು. ಸೋಪಿನ ನೀರೇ ಹೋಸ್ ತೊಳೆಯುತ್ತದೆ. ಖಾಲಿಯಾದ ಮೇಲೆ ಶೌಚದ ಟ್ಯಾಂಕಿಗೆ ಒಂದೆರಡು ಗ್ಯಾಲನ್ ನೀರು ಬಿಟ್ಟು ಎನ್‌ಜೈಮ್ ಇರುವ ಔಷಧಿ ಹಾಕಿ. ಫಾರ್ಮಾಲ್ಡಿಹೈಡ್ ಇರುವುದು ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ. ಟ್ಯಾಂಕಿನ ಮಟ್ಟ ತೋರಿಸುವ ದೀಪವನ್ನು ನಂಬಬೇಡಿ. ಗೋಡೆಗೆ ಕಾಗದ ಅಂಟಿಕೊಂಡು ಖಾಲಿ ಟ್ಯಾಂಕೂ ಮುಕ್ಕಾಲು ತುಂಬಿದಂತೆ ತೋರುತ್ತದೆ.

ಮಟ್ಟ, ಗಾಲಿ

ಗಾಡಿ ವಾಲಿದ್ದರೆ ನಿದ್ದೆಗಷ್ಟೇ ತೊಂದರೆ ಎಂದುಕೊಳ್ಳಬೇಡಿ. ಗ್ಯಾಸಿನಿಂದ ನಡೆಯುವ ಫ್ರಿಜ್ಜಿನೊಳಗೆ ಅಮೋನಿಯಾ ದ್ರವ ತನ್ನ ಭಾರಕ್ಕೆ ತಾನೇ ಹರಿದು ಬರಬೇಕು. ಅಕ್ಕಪಕ್ಕಕ್ಕೆ 3 ಡಿಗ್ರಿ, ಹಿಂದುಮುಂದಕ್ಕೆ 6 ಡಿಗ್ರಿಗಿಂತ ಹೆಚ್ಚು ವಾಲಿಸಿ ಓಡಿಸುತ್ತ ಹೋದರೆ ಅದರ ಕೊಳವೆ ಶಾಶ್ವತವಾಗಿ ಕಟ್ಟಿಕೊಳ್ಳುತ್ತದೆ. ಫೋನಿಗೆ ಅಳತೆ ಕಳಿಸುವ ಬ್ಲೂಟೂತ್ ಸಾಧನ ಚೆಂದವಿದೆ. ಎರಡು ರಸಮಟ್ಟ ಅಂಟಿಸಿದರೂ ಅದೇ ಕೆಲಸ ಆಗುತ್ತದೆ. ಟ್ರೈಲರಿಗೆ (ಇನ್ನೊಂದು ಗಾಡಿ ಎಳೆಯುವ ಆರ್‌ವಿಗೆ) ಆಂಡರ್ಸನ್ನಿನ ಬಾಗಿದ ಲೆವೆಲರ್ ಸುಲಭ. ಮೆಲ್ಲಗೆ ಹತ್ತಿಸಿ, ಮಟ್ಟಕ್ಕೆ ಬಂದಲ್ಲಿ ನಿಲ್ಲಿಸಿ, ಆಪು ತುರುಕಿದರೆ ಮುಗಿಯಿತು. ಮೋಟರ್‌ಹೋಮಿಗೆ (ತನ್ನದೇ ಎಂಜಿನ್ ಇರುವ ಆರ್‌ವಿಗೆ) ಲಿಂಕ್ಸಿನ ಹಲಗೆಗಳು ಸಾಕು. ಹಿಂದಿನ ಜೋಡಿಗಾಲಿಗೆ ಹಲಗೆ ಕೊಡುವಾಗ ಎರಡೂ ಗಾಲಿಗಳ ಕೆಳಗೆ ಕೊಡಿ, ಒಂದೇ ಗಾಲಿಯ ಮೇಲೆ ಭಾರ ಬಿದ್ದರೆ ಟೈರು ಹಾಳು. ಟ್ರೈಲರನ್ನು ಲಾರಿಯವರಂತೆ ಗಾಲಿಗೆ ಅಡ್ಡ ಕೊಟ್ಟೇ ಎಳೆಯುವ ಗಾಡಿಯಿಂದ ಬಿಡಿಸಬೇಕು. ನಾಲ್ಕು ಮೂಲೆಯ ಸ್ಟೆಬಿಲೈಜರ್ ಇರುವುದು ಅಲುಗಾಟ ತಡೆಯಲು. ಅದರಿಂದ ಗಾಡಿ ಎತ್ತಲು ಹೋದರೆ ಚೌಕಟ್ಟೇ ಬಾಗುತ್ತದೆ.

ಈಗ ಅಡುಗೆಮನೆ

ಯೆಲ್ಲೋಸ್ಟೋನಿನ ಬಹುಪಾಲು ಸುಮಾರು 8000 ಅಡಿ ಎತ್ತರದಲ್ಲಿದೆ. ಅಲ್ಲಿ ನೀರು 92 ಡಿಗ್ರಿಗೇ ಕುದಿಯುತ್ತದೆ. ತೊಗರಿಬೇಳೆ ತೆರೆದ ಪಾತ್ರೆಯಲ್ಲಿ ಎಷ್ಟು ಹೊತ್ತು ಕುದಿದರೂ ಕಣ್ಣು ಬಿಟ್ಟುಕೊಂಡೇ ಇರುತ್ತದೆ. ಆದ್ದರಿಂದ ಸ್ಟೌವಿನ ಮೇಲಿಡುವ ಮೂರು ಲೀಟರಿನ ಕುಕ್ಕರ್ ಕಡ್ಡಾಯ. 2000 ಅಡಿಯ ಮೇಲೆ ಪ್ರತಿ 1000 ಅಡಿಗೆ ಶೇಕಡಾ 5ರಷ್ಟು ಸಮಯ ಹೆಚ್ಚಿಸಬೇಕೆನ್ನುವುದು ರೂಢಿಯ ಲೆಕ್ಕ. ಮನೆಯಲ್ಲಿ 10 ನಿಮಿಷ ಬೇಯುವುದಕ್ಕೆ ಅಲ್ಲಿ 13. ಇನ್‌ಸ್ಟಂಟ್ ಪಾಟಿನಲ್ಲಿ ಒತ್ತಡವೇ ಕಡಿಮೆ, ಮೇಲಾಗಿ ಕರೆಂಟಿಲ್ಲದ ಸೈಟಿನಲ್ಲಿ ಅದೊಂದು ಭಾರದ ಪೆಟ್ಟಿಗೆ. ಕರೆಂಟು ಖಚಿತವಿದ್ದರೆ, ಮೊಸರು ಹೆಪ್ಪು ಹಾಕಲಿಕ್ಕಾದರೂ ತೆಗೆದುಕೊಂಡು ಹೋಗಬಹುದು. ಅಮೆರಿಕದ 120 ವೋಲ್ಟಿನ ಮಿಕ್ಸಿ 550 ವಾಟಿನದು ಐದು ಆಂಪಿಯರ್ ಕೂಡ ಎಳೆಯುವುದಿಲ್ಲ, ಸಂಕೋಚವಿಲ್ಲದೆ ಒಯ್ಯಿರಿ. ಊರಿಂದ ತಂದದ್ದು 230 ವೋಲ್ಟಿನದು, ಅದು ಮನೆಯಲ್ಲೇ ಇರಲಿ.

ಒಗ್ಗರಣೆ ಹಾಕುವ ಮುನ್ನ ಹೊರಗೆ ಹೋಗಿ ಗೋಡೆ ನೋಡಿ. ಎಷ್ಟೋ ಗಾಡಿಗಳಲ್ಲಿ ಒಲೆಯ ಮೇಲಿನ ಹುಡ್ಡಿನ ಹೊಗೆ ಹೋಗುವ ಮುಚ್ಚಳಕ್ಕೆ ಪ್ರಯಾಣದ ಚಿಲಕ ಇರುತ್ತದೆ. ಅದನ್ನು ಬಿಚ್ಚದಿದ್ದರೆ ಫ್ಯಾನು ಸದ್ದು ಮಾಡುತ್ತದೆಯೇ ಹೊರತು ಹೊಗೆ ಒಳಗೇ ಸುತ್ತಿ ಅಲಾರಾಂ ಕಿರುಚುತ್ತದೆ. ಮೇಲಿನ ಫ್ಯಾನು ಹಾಕಿ, ಎದುರು ಬದಿಯ ಒಂದೇ ಕಿಟಕಿ ತೆರೆದರೆ ಗಾಳಿ ಸರಿಯಾಗಿ ಎಳೆಯುತ್ತದೆ. ಅಲಾರಾಮಿನ ಬ್ಯಾಟರಿ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ.

ಹೊರಗೆ ಒಲೆ ಹಚ್ಚುವುದಾದರೆ ಒಂದು ಗುಟ್ಟು. ಗಾಡಿಯ ಪಕ್ಕದ ಗ್ಯಾಸ್ ಕನೆಕ್ಷನ್ನಿನಲ್ಲಿ ಬರುವುದು ಆಗಲೇ ಒತ್ತಡ ಇಳಿಸಿದ ಗ್ಯಾಸು. ಪುಟ್ಟ ಹಸಿರು ಸಿಲಿಂಡರಿಗೆಂದು ಮಾಡಿದ ಕೋಲ್‌ಮನ್ ಥರದ ಒಲೆಯಲ್ಲಿ ತನ್ನದೇ ರೆಗ್ಯುಲೇಟರ್ ಇರುತ್ತದೆ. ಗಾಡಿಯ ಕನೆಕ್ಷನ್ನಿಗೆ ಆ ಒಲೆ ಜೋಡಿಸಿದರೆ ಒತ್ತಡ ಎರಡು ಸಲ ಇಳಿದು ದೀಪದಷ್ಟು ಉರಿ ಬರುತ್ತದೆ, ದೋಸೆ ಏಳುವುದಿಲ್ಲ. ಕಡಿಮೆ ಒತ್ತಡಕ್ಕೆಂದೇ ಮಾಡಿದ ಒಲೆ ಕೇಳಿ ತೆಗೆದುಕೊಳ್ಳಿ. ಸಿಲಿಂಡರಿನ ವಾಲ್ವನ್ನು ನಿಧಾನ ತಿರುಗಿಸಿ. ಫಕ್ಕನೆ ತೆರೆದರೆ ಸೋರಿಕೆ ಎಂದು ತಿಳಿದು ಸುರಕ್ಷತಾ ಬಿರಡೆ ಹರಿವನ್ನು ತಡೆಯುತ್ತದೆ, ಆಗಲೂ ಉರಿ ಸಣ್ಣದೇ. ಮುಚ್ಚಿ, ಒಂದು ನಿಮಿಷ ಬಿಟ್ಟು ಮೆಲ್ಲಗೆ ತೆರೆದರೆ ಸರಿಹೋಗುತ್ತದೆ. ಯೆಲ್ಲೋಸ್ಟೋನಿನಂಥ ಕರಡಿಯ ಜಾಗದಲ್ಲಿ ಊಟವಾದೊಡನೆ ಒಲೆ, ಪಾತ್ರೆ, ತೊಳೆದ ನೀರಿನ ಬಕೆಟ್ ಎಲ್ಲ ಒಳಗೆ. ಅಲ್ಲಿ ಅದು ನಿಯಮ.

ಸಾರಿನ ಪಾತ್ರೆಯ ಎಣ್ಣೆಜಿಡ್ಡನ್ನು ಕಾಗದದಲ್ಲಿ ಒರೆಸಿಯೇ ಸಿಂಕಿಗೆ ಹಾಕಿ, ಸಿಂಕಿಗೆ ಸಣ್ಣ ಕಣ್ಣಿನ ಜಾಲರಿ ಇಡಿ. ಬಿಸಿಲಿನಲ್ಲಿ ನಿಂತ ಗಾಡಿಯ ಸಿಂಕಿನ ಟ್ಯಾಂಕಿನಲ್ಲಿ ಎರಡು ದಿನದ ಗಂಜಿ, ಎಣ್ಣೆ ಕೊಳೆತರೆ ಶೌಚದ ಟ್ಯಾಂಕೇ ವಾಸಿ ಅನಿಸುತ್ತದೆ.

ಕರೆಂಟಿಲ್ಲದ ಸೈಟಿಗೆ

ಯೊಸೆಮಿಟಿಯ ಕ್ಯಾಂಪ್‌ಗ್ರೌಂಡುಗಳಲ್ಲಿ ಕರೆಂಟಿನ ಕಂಬವೇ ಇಲ್ಲ. ಯೆಲ್ಲೋಸ್ಟೋನಿನಲ್ಲಿ ಕರೆಂಟು, ನೀರು, ಕೊಳಚೆ ಮೂರೂ ಸಿಗುವುದು ಫಿಶಿಂಗ್ ಬ್ರಿಡ್ಜ್ ಒಂದರಲ್ಲೇ. ಉಳಿದಲ್ಲಿ ಬ್ಯಾಟರಿಯೇ ಗತಿ. ಚಳಿಯಲ್ಲಿ ಅದನ್ನು ತಿನ್ನುವುದು ದೀಪವಲ್ಲ, ಹೀಟರಿನ ಫ್ಯಾನು. ಸುಮಾರು 7.5 ಆಂಪಿಯರ್ ಎಳೆಯುತ್ತ ರಾತ್ರಿಯ ಹತ್ತು ಗಂಟೆಯಲ್ಲಿ ಐದು ಗಂಟೆ ಓಡಿದರೆ 37 ಆಂಪಿಯರ್-ಗಂಟೆ ಹೋಯಿತು. 100 ಆಂಪಿಯರ್-ಗಂಟೆಯ ಲೆಡ್-ಆಸಿಡ್ ಬ್ಯಾಟರಿಯಲ್ಲಿ ಬಳಸಬಹುದಾದದ್ದೇ 50. ಅದೇ ಅಳತೆಯ ಲಿಥಿಯಂ ಬ್ಯಾಟರಿ ಹೆಚ್ಚುಕಡಿಮೆ ಪೂರ್ತಿ ಕೊಡುತ್ತದೆ, ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಹೊಂಡಾದ ಇಯು2200ಐ ಜನರೇಟರ್ ಸದ್ದಿಲ್ಲದ್ದೆಂದು ಹೆಸರಾದದ್ದು, ಬೆಲೆಯೂ ಹಾಗೇ ಇದೆ. ನಿರಂತರವಾಗಿ ಕೊಡುವುದು 1800 ವಾಟ್. ಬ್ಯಾಟರಿ ತುಂಬಲು, ಮೈಕ್ರೋವೇವಿಗೆ ಸಾಕು. 13,500 ಬಿಟಿಯು ಎ.ಸಿ. ಶುರುವಾಗುವ ಏಟಿಗೆ ಮಾತ್ರ ಸಾಫ್ಟ್ ಸ್ಟಾರ್ಟರ್ (ಕಂಪ್ರೆಸರನ್ನು ಮೆಲ್ಲಗೆ ಶುರುಮಾಡಿಸುವ ಸಾಧನ) ಇಲ್ಲದೆ ಅದು ಸೋಲುತ್ತದೆ.

ಇನ್ನು ದಂಡದ ಪಟ್ಟಿ. ಅಂಗೈ ಅಗಲದ ಎಲೆಕ್ಟ್ರಿಕ್ ಡಿಹ್ಯೂಮಿಡಿಫೈಯರ್ ದಿನವಿಡೀ ದುಡಿದು ಒಂದು ಲೋಟ ನೀರು ಹಿಡಿಯುತ್ತದೆ. ಅನ್ನ ಬಸಿಯುವಾಗ ಅದಕ್ಕಿಂತ ಹೆಚ್ಚು ಆವಿ ಏಳುತ್ತದೆ, ಕಿಟಕಿ ಎರಡು ಬೆರಳು ತೆರೆದಿಡುವುದೇ ಮೇಲು. ಮಡಚುವ ಸಿಲಿಕೋನ್ ಪಾತ್ರೆಗೆ ಅರಿಶಿನದ ಕಲೆ ಒಮ್ಮೆ ಹತ್ತಿದರೆ ಬಿಡುವುದಿಲ್ಲ. ಸಿಲಿಂಡರಿನ ಅಡಿಗೆ ಅಂಟಿ ಗ್ಯಾಸಿನ ಮಟ್ಟ ತಿಳಿಸುವ ಮೊಪೆಕಾ ಸೆನ್ಸರ್ ಉಕ್ಕಿನದಕ್ಕೆ ಚೆನ್ನಾಗಿದೆ, ಆದರೆ ಅಲ್ಯೂಮಿನಿಯಂ ಸಿಲಿಂಡರಿಗೆ ಅದರ ಅಯಸ್ಕಾಂತ ಕಚ್ಚುವುದೇ ಇಲ್ಲ. ಅದರ ಬದಲು ಸಿಲಿಂಡರಿನ ಬದಿಗೆ ಒಂದು ಚೊಂಬು ಬಿಸಿನೀರು ಸುರಿದು ಕೈಯಾಡಿಸಿ ನೋಡಿ: ಗ್ಯಾಸಿರುವಷ್ಟು ಎತ್ತರಕ್ಕೆ ಸಿಲಿಂಡರ್ ತಣ್ಣಗಿರುತ್ತದೆ.