ಗುಂಪಿನ ಪಾಠ, ಹೊರಗಿನ ಸವಾರಿ, ಹಗ್ಗದ ಪಾಠ: ಕುದುರೆ ಮೇಲೆ ಸರಿಯಾಗಿ ಕೂರಲು ಕಲಿಸಿದ್ದು ಯಾವುದು?

ಬೆಂಗಳೂರಿನ ಸುತ್ತಮುತ್ತ ಈಗ ಕುದುರೆ ಸವಾರಿ ಕಲಿಸುವ ಜಾಗಗಳು ಸಾಕಷ್ಟಿವೆ. ಸೇರಲು ಬಂದವರು ಫೀಸ್ ಎಷ್ಟು, ಓಡಿಸಲು ಯಾವಾಗ ಬಿಡ್ತೀರಿ ಅಂತ ಕೇಳ್ತಾರೆ. ಹೇಗೆ ಕಲಿಸ್ತೀರಿ ಅಂತ ಕೇಳುವವರು ಕಡಿಮೆ. ನಾನು ಮೂರು ರೀತಿಯಲ್ಲೂ ಕಲಿತು ನೋಡಿದ್ದೇನೆ. ಹೋಲಿಸಿದ್ದು ಒಂದೇ ವಿಷಯದಲ್ಲಿ: ನಡಿಗೆಗಿಂತ ವೇಗವಾದ, ಮೈ ಕುಲುಕಿಸುವ ಓಟವಾದ ಟ್ರಾಟ್‌ನಲ್ಲಿ ಲಗಾಮಿಗೆ ಜೋತು ಬೀಳದೆ ಕೂರುವುದು ಯಾವುದರಿಂದ ಬರುತ್ತದೆ?

ಟ್ರಾಟ್ ಯಾಕೆ ಅಂದ್ರೆ, ಅಡಿಪಾಯ ಗಟ್ಟಿ ಇದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಕುದುರೆ ನಡೆಯುವಾಗ ನಾಲ್ಕು ಕಾಲೂ ಒಂದೊಂದಾಗಿ ನೆಲ ಮುಟ್ಟುತ್ತವೆ, ಯಾರು ಬೇಕಾದರೂ ಕೂರಬಹುದು. ಟ್ರಾಟ್‌ನಲ್ಲಿ ಬಲ ಮುಂಗಾಲು ಎಡ ಹಿಂಗಾಲಿನ ಜೊತೆ, ಎಡ ಮುಂಗಾಲು ಬಲ ಹಿಂಗಾಲಿನ ಜೊತೆ ಏಳುತ್ತವೆ. ಒಂದು ಜೋಡಿ ಎದ್ದು ಇನ್ನೊಂದು ಊರುವ ಮಧ್ಯೆ ಕುದುರೆ ಒಂದು ಕ್ಷಣ ಗಾಳಿಯಲ್ಲಿರುತ್ತದೆ. ಆ ಕುಲುಕಾಟಕ್ಕೆ ಹೆದರಿದ ಕೈ ತಾನಾಗಿಯೇ ಲಗಾಮು ಎಳೆಯುತ್ತದೆ. ಅದರ ಇನ್ನೊಂದು ತುದಿಯಲ್ಲಿ ಲೋಹದ ಕಡಿವಾಣ ಇದೆ, ಕುದುರೆಯ ಬಾಯೊಳಗೆ, ಹಲ್ಲಿಲ್ಲದ ಎಳೆ ವಸಡಿನ ಮೇಲೆ. ನಾವು ಕುಲುಕಿದಷ್ಟು ಸಲ ಕುದುರೆಯ ಬಾಯಿಗೆ ಏಟು.

ಗುಂಪಿನ ಪಾಠ ಅಗ್ಗ, ಖುಷಿಯೂ ಜಾಸ್ತಿ. ಸಾಲಾಗಿ ಸುತ್ತು ಹೊಡೆಯುತ್ತಾ ಎದ್ದು ಕೂರುವ ಟ್ರಾಟ್ ಬೇಗ ಬರುತ್ತದೆ. ಕುದುರೆಯ ಹೊರಬದಿಯ ಭುಜ ಮುಂದೆ ಹೋದಾಗ ಏಳಬೇಕು ಅನ್ನುವ ಲೆಕ್ಕ ನನಗೆ ಹತ್ತಿದ್ದು ಇಲ್ಲೇ. ಆದರೆ ಸಾಲಿನಲ್ಲಿರುವ ಕುದುರೆ ನಮ್ಮ ಮಾತು ಕೇಳುವುದಿಲ್ಲ, ಮುಂದಿನ ಕುದುರೆಯ ಬಾಲ ನೋಡಿಕೊಂಡು ಹೋಗುತ್ತದೆ. ಪರೀಕ್ಷೆ ಬೇಕಾ? ಸಾಲು ಬಿಟ್ಟು ಮೈದಾನದ ನಡುವೆ ಒಬ್ಬರೇ ಅಡ್ಡ ಹೋಗಿ ನೋಡಿ. ಎಷ್ಟು ಕಲಿತಿದ್ದೇವೆ ಅಂತ ಆಗ ತಿಳಿಯುತ್ತದೆ.

ಹೊರಗಿನ ಸವಾರಿ, ಅಂದರೆ ತೋಟ, ಮಣ್ಣಿನ ದಾರಿಯಲ್ಲಿ ಹೋಗಿ ಬರುವುದು, ಮನಸ್ಸಿಗೆ ಹಿತ. ಏರು ಇಳಿತದಲ್ಲಿ ಮೈ ಹದವಾಗುತ್ತದೆ. ಆದರೆ ತಿದ್ದುವವರು ಜೊತೆಗಿಲ್ಲದಿದ್ದರೆ ತಪ್ಪುಗಳೇ ಅಭ್ಯಾಸವಾಗುತ್ತವೆ. ಲಾಯದ ಕಡೆ ತಿರುಗಿದ ಮೇಲೆ ಕುದುರೆಯ ಅವಸರವೇ ಬೇರೆ. ಶುರುವಿಗೆ ಇದು ಬೇಡ.

ಇನ್ನು ಹಗ್ಗದ ಪಾಠ. ಲಂಜ್ ಲೈನ್ ಅನ್ನುವ ಉದ್ದ ಪಟ್ಟಿಯ ಒಂದು ತುದಿ ಕುದುರೆಗೆ, ಇನ್ನೊಂದು ಉಸ್ತಾದರ ಕೈಗೆ. ಪಾದ ಇಡುವ ಸ್ಟಿರಪ್ ಎರಡನ್ನೂ ಜೀನಿನ ಮುಂದೆ ಅಡ್ಡ ಹಾಕಿಬಿಡುತ್ತಾರೆ. ಲಗಾಮು ಗಂಟು ಹಾಕಿ ಕತ್ತಿನ ಮೇಲೆ. ನಮ್ಮ ಎರಡು ಕೈ ಸೊಂಟದ ಮೇಲೆ. ಮೊದಲು ಎಲ್ಲರೂ ಮಂಡಿಯಿಂದ ಬಿಗಿ ಹಿಡಿಯುತ್ತಾರೆ, ಬಿಗಿ ಹಿಡಿದಷ್ಟೂ ಮೈ ಮೇಲಕ್ಕೆ ಚಿಮ್ಮುತ್ತದೆ. ಅದಕ್ಕೆ ನಮ್ಮ ಉಸ್ತಾದರ ಮದ್ದು: ಎರಡೂ ತೊಡೆಯನ್ನು ಒಂದು ಕ್ಷಣ ಜೀನಿನಿಂದ ಪಕ್ಕಕ್ಕೆ ಎತ್ತಿ, ಸಡಿಲ ಬಿಡುವುದು. ಬಿಟ್ಟ ಕೂಡಲೇ ಕೂರುವ ಎರಡು ಮೂಳೆಗಳು ಜೀನಿಗೆ ತಾಗುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ.

ಆಮೇಲೆ ನಡಿಗೆಗೆ ಇಳಿಸಿ, "ಕಣ್ಣು ಮುಚ್ಚಿ, ಈಗ ಯಾವ ಹಿಂಗಾಲು ಮುಂದಕ್ಕೆ ಬರ್ತಿದೆ ಹೇಳಿ" ಅನ್ನುತ್ತಿದ್ದರು. ಎಡ ಹಿಂಗಾಲು ಮುಂದಕ್ಕೆ ಬರುವಾಗ ನಮ್ಮ ಎಡ ಸೊಂಟ ಸ್ವಲ್ಪ ಕೆಳಗಿಳಿಯುತ್ತದೆ. ಮೊದಮೊದಲು ಸುಮ್ನೆ ಊಹೆ, ಆಮೇಲೆ ನಿಜವಾಗಿ ತಿಳಿಯತೊಡಗುತ್ತದೆ. ಅದು ತಿಳಿದ ಮೇಲೆ ಕಾಲಿನ ಒತ್ತು ಯಾವಾಗ ಕೊಡಬೇಕು ಅನ್ನುವುದೂ ಸಿಗುತ್ತದೆ: ಆ ಹಿಂಗಾಲು ನೆಲ ಬಿಡುವ ಹೊತ್ತಿಗೆ. ಕುದುರೆಗೆ ಆಗ ಪಾಲಿಸುವುದು ಸುಲಭ. ಹಗ್ಗ ಬಿಚ್ಚಿ ಬೇರೆ ಕುದುರೆ ಹತ್ತಿದಾಗ, ಉಸಿರು ಬಿಟ್ಟು ಸೊಂಟ ತಡೆದು ಕೂತರೆ ಸಾಕು, ಟ್ರಾಟ್ ನಡಿಗೆಗೆ ಇಳಿಯುತ್ತಿತ್ತು. ಲಗಾಮಿಗೆ ಕೆಲಸವೇ ಇರಲಿಲ್ಲ.

ನಮ್ಮ ಕಡೆ ಇದು ಇನ್ನೂ ಮುಖ್ಯ. ಸವಾರಿ ಶಾಲೆಗಳ ಎಷ್ಟೋ ಕುದುರೆಗಳು ರೇಸ್‌ನಿಂದ ನಿವೃತ್ತಿಯಾಗಿ ಬಂದವು. ಲಗಾಮು ಬಿಗಿಯಾದರೆ ಅದಕ್ಕೆ ಒರಗಿ ಓಡುವುದು ಅವುಗಳ ಹಳೆಯ ರೂಢಿ. ಎಳೆದಷ್ಟೂ ಮುನ್ನುಗ್ಗುತ್ತವೆ. ಆಗ ಇನ್ನೂ ಗಡುಸಾದ ಕಡಿವಾಣ ಹಾಕುವುದು ಪರಿಹಾರ ಅಲ್ಲವೇ ಅಲ್ಲ, ಬಾಯಿ ಇನ್ನಷ್ಟು ಮರಗಟ್ಟುತ್ತದೆ. ಸವಾರನ ಕೂರುವಿಕೆ ಸರಿಯಾಗಬೇಕು.

ಹಗ್ಗದ ಪಾಠದಲ್ಲಿ ತೊಂದರೆಯೇ ಇಲ್ಲ ಅಂತಲ್ಲ. ಒಬ್ಬರಿಗೆ ಒಬ್ಬ ಗುರು, ಹಾಗಾಗಿ ದುಬಾರಿ. ಇಪ್ಪತ್ತು ನಿಮಿಷಕ್ಕೆ ತೊಡೆ ನಡುಗುತ್ತದೆ. ಒಂದೇ ಸುತ್ತು ತಿರುಗುವುದು ಕುದುರೆಯ ಕೀಲಿಗೂ ಭಾರ. ಅದಕ್ಕೇ ಸುತ್ತು ದೊಡ್ಡದಿರಬೇಕು, 18–20 ಮೀಟರ್ ಅಗಲ, ನಡುವೆ ದಿಕ್ಕು ಬದಲಿಸಬೇಕು. ಚಿಕ್ಕ ಸುತ್ತಿನಲ್ಲಿ ಚಾವಟಿ ಬೀಸಿ ಓಡಿಸುವವರು ಸಿಕ್ಕರೆ ಇಳಿದು ಬನ್ನಿ.

ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್‌ನಲ್ಲಿ ಹೊಸಬರನ್ನು ಇವತ್ತಿಗೂ ತಿಂಗಳುಗಟ್ಟಲೆ ಹೀಗೇ ಹಗ್ಗದ ಪಾಠದಲ್ಲಿ ಕೂರಿಸುತ್ತಾರೆ. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದ ಈವೆಂಟಿಂಗ್ (ಒಂದೇ ಕುದುರೆಯ ಮೇಲೆ ಮೂರು ಬಗೆಯ ಪರೀಕ್ಷೆ) ಸ್ಪರ್ಧೆಯೂ ಶುರುವಾಗುವುದು ಕುದುರೆಯನ್ನು ಹದವಾಗಿ, ಲಯದಲ್ಲಿ ನಡೆಸಿ ತೋರಿಸುವ ಡ್ರೆಸಾಜ್‌ನಿಂದ. ಬೇಲಿ ಹಾರುವ ಮಾತು ಆಮೇಲೆ.

ನನ್ನ ಆಯ್ಕೆ ಹಗ್ಗದ ಪಾಠವೇ. ದುಡ್ಡು ಕಡಿಮೆ ಇದ್ದರೆ ಶುರುವಿನ ಕೆಲವು ಪಾಠಗಳನ್ನಾದರೂ ಹಗ್ಗದಲ್ಲೇ ಮಾಡಿ, ಆಮೇಲೆ ಗುಂಪಿಗೆ ಸೇರಿ, ಕುಲುಕಾಟ ಮತ್ತೆ ಕೈಗೆ ಬಂದಾಗ ಒಂದು ಪಾಠಕ್ಕೆ ವಾಪಸ್ ಹೋಗಿ. ಶಾಲೆಗೆ ಸೇರುವ ಮುಂಚೆ ಇಷ್ಟು ಕೇಳಿ: ಹಗ್ಗದಲ್ಲಿ ಶಾಂತವಾಗಿ ತಿರುಗುವ ಕುದುರೆ ನಿಮ್ಮಲ್ಲಿದೆಯಾ, ಪಾಠ ಮಾಡುವವರು ಯಾರು, ಒಂದು ದಿನ ಬಂದು ನೋಡಬಹುದಾ?